ಹೊರಡುವ ಮುನ್ನವೇ ಮಾಡಿದ ನಿರ್ಧಾರ



2004ರ ಏಪ್ರಿಲ್ 17ನ್ನು ನಾವ್ಯಾರೂ ಮರೆತಿಲ್ಲ. ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಪುಟ್ಟ ವಿಮಾನ ಕ್ಷಣಗಳಲ್ಲೇ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡರು. ನಮ್ಮ ಕೊಲಂಬಿಯಾದ ಓವೆನ್ಸ್ ಫೀಲ್ಡಿನಿಂದ ಸಣ್ಣ ವಿಮಾನ ಏರುವಾಗಲೆಲ್ಲ ಅದು ನೆನಪಾಗುತ್ತದೆ. ಆ ದುರಂತದ ಕಾರಣ ಹೇಳಲು ನಾವಿಲ್ಲಿ ನಿಂತಿಲ್ಲ. ಮೇಲೇರಿದ ಕೂಡಲೇ ಎಂಜಿನ್ ನಿಂತರೆ ಏನು ಮಾಡಬೇಕು ಎಂಬುದಷ್ಟೇ ಇಂದಿನ ಮಾತು.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಮೂತಿ ತಗ್ಗಿಸಿ ವೇಗ ಉಳಿಸಿಕೊಂಡರೆ ತೇಲುತ್ತಾ ಇಳಿಯುತ್ತದೆ. ಅಪಾಯವಿರುವುದು ‘ಹಿಂದಿರುಗಿ ರನ್‌ವೇ ಸೇರೋಣ’ ಎಂಬ ಆಸೆಯಲ್ಲಿ. ಅದಕ್ಕೆ ಅರ್ಧ ಸುತ್ತು ಸಾಲದು. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ, ಬೀಳದಿರಲು ಬೇಕಾದ ಕನಿಷ್ಠ ವೇಗವೇ ಶೇ. 19ರಷ್ಟು ಹೆಚ್ಚುತ್ತದೆ. ಆದ್ದರಿಂದಲೇ ಪೈಲಟ್‌ಗಳಿಗೆ ಕಲಿಸುವ ಪಾಠ: ಎತ್ತರ ಕಡಿಮೆಯಿದ್ದರೆ ತಿರುಗಬೇಡ, ಎದುರಿನ ಬಯಲಿಗೆ ಇಳಿಸು.

2009ರ ಜನವರಿ 15ರಂದು ನ್ಯೂಯಾರ್ಕಿನಿಂದ ನಮ್ಮ ನೆರೆಯ ಶಾರ್ಲಟ್‌ಗೆ ಹೊರಟ ದೊಡ್ಡ ವಿಮಾನಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಸಲೆನ್‌ಬರ್ಗರ್ ಹಿಂದಿರುಗದೆ ಹಡ್ಸನ್ ನದಿಗೆ ಇಳಿಸಿದರು. 155 ಜನರೂ ಬದುಕಿದರು. ಆ ವಿಮಾನ ಈಗ ಶಾರ್ಲಟ್‌ನ ಮ್ಯೂಸಿಯಂನಲ್ಲಿದೆ. ಮಕ್ಕಳಿಗೆ ತೋರಿಸಿ.

ಒಳ್ಳೆಯ ಪೈಲಟ್ ಈ ನಿರ್ಧಾರವನ್ನು ನೆಲದ ಮೇಲಿರುವಾಗಲೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಸ್ನೇಹಿತರ ವಿಮಾನ ಹತ್ತುವ ಮುನ್ನ ನಾವೂ ಕೇಳೋಣ: “ಎಂಜಿನ್ ನಿಂತರೆ ಎಲ್ಲಿ ಇಳಿಸುತ್ತೀರಿ?” ಉತ್ತರಕ್ಕೆ ತಡವರಿಸಿದರೆ ಹತ್ತುವುದು ಬೇಡ. ಸ್ನೇಹಿತರು ಬೇಸರ ಮಾಡಿಕೊಂಡರೆ ಮನೆಗೆ ಕರೆದು ಊಟ ಹಾಕಿ ಸಮಾಧಾನ ಮಾಡೋಣ.