ಒಂಟಿ ಕ್ಯಾಮು, ಜೋಡಿ ಕ್ಯಾಮು

ಕಾರು ಕೊಳ್ಳಬೇಕೆಂದು ಷೋರೂಮಿಗೆ ಹೋದವರ ಕೈಗೆ ಬರುವ ವಿವರಪತ್ರದಲ್ಲಿ, ಎಂಜಿನ್ನಿನ ಗಾತ್ರ, ಅಶ್ವಶಕ್ತಿ, ಟಾರ್ಕು ಇವುಗಳ ಅಂಕಿಗಳ ನಡುವೆ, ಎಸ್‌ಒಎಚ್‌ಸಿ ಎಂದೋ ಡಿಒಎಚ್‌ಸಿ ಎಂದೋ ನಾಲ್ಕಕ್ಷರಗಳು ಅಚ್ಚಾಗಿರುವುದುಂಟು. ಮೊದಲನೆಯದೆಂದರೆ ಎಂಜಿನ್ನಿನ ಹೆಡ್ಡಿನ ಮೇಲೆ ಒಂದೇ ಕ್ಯಾಮ್‌ಶಾಫ್ಟ್, ಎರಡನೆಯದೆಂದರೆ ಎರಡು. ಒಂದಕ್ಕಿಂತ ಎರಡು ಮೇಲೆಂಬ ಲೆಕ್ಕದಲ್ಲಿ ಜೋಡಿ ಕ್ಯಾಮಿನದು ಶ್ರೇಷ್ಠ, ಒಂಟಿಯದು ಕಾಲ ಮೀರಿದ್ದು ಎಂಬ ಅಭಿಮತವು ನಮ್ಮಲ್ಲಿ ಬಲವಾಗಿ ಬೇರೂರಿದೆ. ಶಾಫ್ಟುಗಳನ್ನು ಎಣಿಸಿ ಎಂಜಿನ್ನಿನ ಯೋಗ್ಯತೆಯನ್ನು ನಿರ್ಣಯಿಸುವುದು ಯುಕ್ತವಲ್ಲವೆಂಬುದೇ ನನ್ನ ಪಕ್ಷ. ಏಕೆಂಬುದನ್ನು ಸಾವಧಾನವಾಗಿ ವಿಚಾರಿಸೋಣ.

ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಸೆಳೆದುಕೊಂಡು, ಮೇಲೇರುತ್ತ ಅದನ್ನು ಅದುಮಿ, ಕಿಡಿ ತಾಗಿ ಮಿಶ್ರಣವು ದಹಿಸಿದಾಗ ಆ ಒತ್ತಡಕ್ಕೆ ಮತ್ತೆ ಕೆಳಗಿಳಿದು, ಕಡೆಯಲ್ಲಿ ಮೇಲೇರುತ್ತ ಸುಟ್ಟ ಅನಿಲವನ್ನು ಹೊರಕ್ಕೆ ನೂಕುತ್ತದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಮುಗಿಯುವ ಈ ಆವರ್ತನದಲ್ಲಿ, ಅನಿಲವನ್ನು ಒಳಗೆ ಬಿಡುವ ಕವಾಟ ಮತ್ತು ಹೊರಗೆ ಬಿಡುವ ಕವಾಟ, ಅಂದರೆ ವಾಲ್ವುಗಳು, ತಲಾ ಒಂದೊಂದು ಸಲ ತೆರೆದು ಮುಚ್ಚತಕ್ಕದ್ದು. ಆದಕಾರಣ ಅವನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಒಂದೊಂದು ಸಲಕ್ಕೆ ಅದು ತೆರೆದಿರುವ ಕಾಲ ಸೆಕೆಂಡಿನ 150ನೆಯ ಒಂದು ಭಾಗದ ಆಸುಪಾಸು. ಇಷ್ಟು ಅಲ್ಪಕಾಲದಲ್ಲಿ ಎಷ್ಟು ಗಾಳಿ ಒಳಗೆ ಬಂದೀತೆಂಬುದರ ಮೇಲೆ ಎಂಜಿನ್ನಿನ ಸತ್ತ್ವವೆಲ್ಲ ನಿಂತಿದೆ.

ನಮ್ಮ ಅಂಬಾಸಿಡರಿನ ಹಳೆಯ 1,489 ಸಿಸಿ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ, ಬ್ಲಾಕಿನ ಪಾರ್ಶ್ವದಲ್ಲಿತ್ತು. ಉದ್ದನೆಯ ಪುಶ್‌ರಾಡು ಮೇಲಕ್ಕೆ ಎದ್ದು ರಾಕರನ್ನು ತಿವಿದು, ರಾಕರು ಕವಾಟವನ್ನು ಒತ್ತುತ್ತಿತ್ತು. ಇಷ್ಟೊಂದು ಲೋಹವು ಹಿಂದಕ್ಕೂ ಮುಂದಕ್ಕೂ ಅಲುಗಬೇಕಾದಾಗ, ವೇಗ ಹೆಚ್ಚಿದಂತೆಲ್ಲ ಸ್ಪ್ರಿಂಗು ಕ್ಯಾಮಿನ ಓಟಕ್ಕೆ ಸರಿಗಟ್ಟಲಾರದೆ ಕವಾಟವು ಸಕಾಲದಲ್ಲಿ ಮುಚ್ಚುವುದಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು ಕ್ಯಾಮನ್ನು ಹೆಡ್ಡಿನ ಮೇಲಕ್ಕೆ ಏರಿಸಿ, ಪುಶ್‌ರಾಡನ್ನು ತೊಡೆದುಹಾಕಿ, ಶಾಫ್ಟನ್ನು ರಬ್ಬರಿನ ಬೆಲ್ಟಿನಿಂದ ತಿರುಗಿಸಿತು. ಭಾರತದ ಅಸಂಖ್ಯಾತ ಮನೆಗಳಿಗೆ ಒಂಟಿ ಓವರ್‌ಹೆಡ್ ಕ್ಯಾಮನ್ನು ತಂದದ್ದು ಅದೇ ಕಾರು.

ಹೆಡ್ಡಿನ ಮುಚ್ಚಳವನ್ನು ಬಿಚ್ಚಿ ನೋಡಿದರೆ ಭೇದವು ಪ್ರತ್ಯಕ್ಷವಾಗುತ್ತದೆ. ನಾಲ್ಕು ಕವಾಟಗಳ ಒಂಟಿ ಕ್ಯಾಮಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ನಡುವೆ ಒಂದು ಶಾಫ್ಟು. ಅದರ ಮೇಲೆ ಆಯಿಲಿನ ತೆಳುಪೊರೆ ಹೊದ್ದು ಹೊಳೆಯುವ, ಒಂದು ಕಡೆ ಮೊನೆಯಾದ ಕ್ಯಾಮುಗಳು. ಎರಡು ಬದಿಗೂ ಕೈಚಾಚಿದ ರಾಕರುಗಳು. ರಾಕರಿನ ತುದಿಯಲ್ಲಿ ಒಂದು ಸ್ಕ್ರೂ, ಅದನ್ನು ಬಿಗಿಹಿಡಿದ ನಟ್ಟು. ಜೋಡಿ ಕ್ಯಾಮಿನಲ್ಲಿ ಎರಡು ಶಾಫ್ಟುಗಳು ಸಮಾನಾಂತರವಾಗಿ ಮಲಗಿರುತ್ತವೆ. ಒಂದು ಒಳಗವಾಟಗಳ ಸಾಲಿಗೆ, ಇನ್ನೊಂದು ಹೊರಗವಾಟಗಳ ಸಾಲಿಗೆ. ಎಷ್ಟೋ ಎಂಜಿನ್ನುಗಳಲ್ಲಿ ರಾಕರೇ ಇಲ್ಲದೆ ಕ್ಯಾಮು ಕವಾಟದ ನೆತ್ತಿಯ ಮೇಲಿನ ಬಟ್ಟಲನ್ನು ನೇರವಾಗಿ ಒತ್ತುತ್ತದೆ.

ಈ ವಿನ್ಯಾಸವನ್ನು ನೂತನವೆಂದು ಬಗೆಯುವವರು 1912ಕ್ಕೆ ಹಿಂದಿರುಗಿ ನೋಡಬೇಕು. ಆ ವರ್ಷ ಡಿಯೆಪ್ಪಿನಲ್ಲಿ ನಡೆದ ಫ್ರೆಂಚ್ ಗ್ರ್ಯಾಂಡ್ ಪ್ರೀಯಲ್ಲಿ ಜಾರ್ಜ್ ಬ್ವಾಲೋ ಓಡಿಸಿದ ಪೆಜೋ ಕಾರಿನ 7.6 ಲೀಟರಿನ ಎಂಜಿನ್ನು ಜೋಡಿ ಕ್ಯಾಮನ್ನೂ ಸಿಲಿಂಡರಿಗೆ ನಾಲ್ಕು ಕವಾಟಗಳನ್ನೂ ಹೊಂದಿತ್ತು. ಅದಕ್ಕೆ ಎದುರಾಗಿ ನಿಂತ ಫಿಯಟ್ಟಿನ ಎಂಜಿನ್ನು ಗಾತ್ರದಲ್ಲಿ ಸುಮಾರು ಇಮ್ಮಡಿ, 14 ಲೀಟರಿನದು; ಗೆದ್ದದ್ದು ಮಾತ್ರ ಪೆಜೋ.

ಆ ವಿಜಯಕ್ಕೆ ಮುಖ್ಯ ಕಾರಣವನ್ನು ಕವಾಟಗಳ ಸಂಖ್ಯೆಯಲ್ಲಿ ಹುಡುಕುವುದು ಸಮಂಜಸ. ಕವಾಟವು ಸ್ವಲ್ಪವೇ ತೆರೆದಾಗ ಗಾಳಿಗೆ ದೊರೆಯುವ ದಾರಿಯು ಅದರ ಪರಿಧಿಯಷ್ಟು ಉದ್ದವಾದ ಒಂದು ಸೀಳು. 36 ಮಿಲಿಮೀಟರ್ ವ್ಯಾಸದ ಒಂದೇ ಕವಾಟದ ಪರಿಧಿ ಸುಮಾರು 113 ಮಿಲಿಮೀಟರ್. 28ರ ಎರಡು ಕವಾಟಗಳ ಪರಿಧಿಗಳನ್ನು ಕೂಡಿಸಿದರೆ 176. ಮೇಲಾಗಿ ಚಿಕ್ಕ ಕವಾಟಗಳು ಒಂದೊಂದೂ ಹಗುರವಾದ್ದರಿಂದ ವೇಗದ ಓಟವನ್ನು ತಡೆದುಕೊಳ್ಳುತ್ತವೆ. ಕಿಡಿಯ ಪ್ಲಗ್ಗಿಗೆ ನಟ್ಟನಡುವೆ ಜಾಗವೂ ಸಿಕ್ಕುತ್ತದೆ. ಆದರೆ ನಾಲ್ಕು ಕವಾಟಗಳಿಗೆ ಎರಡು ಶಾಫ್ಟುಗಳು ಅನಿವಾರ್ಯವೇನಲ್ಲ. ಇಂಗ್ಲೆಂಡಿನ ಟ್ರಯಂಫ್ ಡೋಲೊಮೈಟ್ ಸ್ಪ್ರಿಂಟ್ 1973ರಲ್ಲಿ ಒಂದೇ ಶಾಫ್ಟಿನಿಂದ 16 ಕವಾಟಗಳನ್ನು ಆಡಿಸಿತು. ಒಂದೇ ಕ್ಯಾಮು ಒಳಗವಾಟವನ್ನು ನೇರವಾಗಿ ಒತ್ತಿ, ರಾಕರಿನ ಮೂಲಕ ಹೊರಗವಾಟವನ್ನೂ ಒತ್ತುವ ಆ ಏರ್ಪಾಡಿನ ಜಾಣ್ಮೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಹಾಗಾದರೆ ಎರಡನೆಯ ಶಾಫ್ಟಿನ ನಿಜವಾದ ಪ್ರಯೋಜನವೇನು? ಸ್ವಾತಂತ್ರ್ಯ. ಇಂದಿನ ಎಂಜಿನ್ನುಗಳು ಓಡುತ್ತಿರುವಾಗಲೇ ಕವಾಟ ತೆರೆಯುವ ಗಳಿಗೆಯನ್ನು ವೇಗಕ್ಕೂ ಭಾರಕ್ಕೂ ಅನುಗುಣವಾಗಿ ತುಸು ಮುಂಚೆಗೋ ತುಸು ತಡಕ್ಕೋ ಸರಿಸಬಲ್ಲವು. ಸಾಮಾನ್ಯವಾಗಿ ಒಂಟಿ ಶಾಫ್ಟಿನಲ್ಲಿ ಒಳಗವಾಟ ಹೊರಗವಾಟಗಳು ಒಂದೇ ನೊಗಕ್ಕೆ ಹೂಡಿದ ಎತ್ತುಗಳಾದ್ದರಿಂದ, ಒಂದನ್ನು ಸರಿಸಿದರೆ ಇನ್ನೊಂದೂ ಸರಿಯಲೇಬೇಕು. ಶಾಫ್ಟುಗಳು ಎರಡಾದರೆ ಒಂದೊಂದನ್ನೂ ಅದರದರ ಅಗತ್ಯದಂತೆ ತಿರುಗಿಸಬಹುದು.

ಈ ಲಾಭ ರಸ್ತೆಯ ಮೇಲೆ ಎಷ್ಟೆಂಬುದನ್ನು ತಿಳಿಯಲು ಹೋಂಡಾ ಸಿಟಿಗಿಂತ ಉತ್ತಮ ನಿದರ್ಶನ ನನಗೆ ತೋರದು. 2014ರ ಸಿಟಿಯ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು ಒಂಟಿ ಕ್ಯಾಮಿನದು: 119 ಪಿಎಸ್ ಶಕ್ತಿ, 4,600 ಸುತ್ತಿನಲ್ಲಿ 145 ನ್ಯೂಟನ್ ಮೀಟರ್ ಟಾರ್ಕು. 2020ರ ಸಿಟಿಯಲ್ಲಿ ಅದೇ ಗಾತ್ರದ ಎಂಜಿನ್ನು ಜೋಡಿ ಕ್ಯಾಮಿನದಾಯಿತು: 121 ಪಿಎಸ್, ಟಾರ್ಕು ಮತ್ತೆ ಅದೇ 145, ಆದರೆ 4,300 ಸುತ್ತಿನಲ್ಲಿಯೇ. ಗರಿಷ್ಠ ಶಕ್ತಿಯಲ್ಲಿ ಏರಿಕೆ ಬರಿಯ ಎರಡು. ಅದೇ ಎಳೆತವು 300 ಸುತ್ತು ಮುಂಚೆಯೇ ಕೈಗೆ ಬರುವುದರಿಂದ, ತುಂಬಿದ ಕಾರಿನಲ್ಲಿ ಏರು ಹತ್ತುವವನಿಗೆ ಕಿಂಚಿತ್ ಅನುಕೂಲ. ಅದಕ್ಕಿಂತ ಹೆಚ್ಚನ್ನು ಈ ಅಂಕಿಗಳಿಂದ ಹೇಳಲಾಗದು.

ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಟ ಎರಡು ಟೊಯೋಟಾಗಳು ಇನ್ನೊಂದು ಎಚ್ಚರವನ್ನು ಹೇಳುತ್ತವೆ. ಕ್ವಾಲಿಸಿನ 2.4 ಲೀಟರಿನ ಡೀಸೆಲ್ ಎಂಜಿನ್ನಿಗೆ ಒಂಟಿ ಕ್ಯಾಮು, 75 ಪಿಎಸ್. 2005ರಲ್ಲಿ ಬಂದ ಇನ್ನೋವಾದ 2.5 ಲೀಟರಿನದಕ್ಕೆ ಜೋಡಿ ಕ್ಯಾಮು, 102 ಪಿಎಸ್. ಈ ಜಿಗಿತವನ್ನು ಕಂಡು ಕ್ಯಾಮಿಗೆ ಜೈಕಾರ ಹಾಕುವುದು ಅನ್ಯಾಯ. ಇನ್ನೋವಾಕ್ಕೆ ಟರ್ಬೋ ಇತ್ತು, ಕಾಮನ್ ರೇಲ್ ಇಂಜೆಕ್ಷನ್ ಇತ್ತು, ಕ್ವಾಲಿಸಿಗೆ ಎರಡೂ ಇರಲಿಲ್ಲ. ಇನ್ನು ಫೋರ್ಡ್ ಐಕಾನಿನ 1.6 ರೋಕ್ಯಾಮ್ ಎಂಜಿನ್ನು ಒಂಟಿ ಕ್ಯಾಮಿನದು, ಎಂಟೇ ಕವಾಟಗಳದು; ಕೆಳವೇಗದಲ್ಲಿ ಅದರ ಪಿಕಪ್ಪನ್ನು ಸವಿದವರು ಇವತ್ತಿಗೂ ಅದನ್ನು ನೆನೆಯುತ್ತಾರೆ.

ಪೋಷಣೆಯ ವಿಷಯಕ್ಕೆ ಬಂದರೆ ಒಂಟಿ ಕ್ಯಾಮಿನದು ಸರಳ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಕವಾಟದ ಮೇಲಿನ ಕಿರುಸಂದನ್ನು ಸರಿಪಡಿಸುವ ಕೆಲಸ, ಮಾಡಲು ನಟ್ಟನ್ನು ಸಡಿಲಿಸಿ, ಫೀಲರ್ ಗೇಜನ್ನು ತೂರಿಸಿ, ಸ್ಕ್ರೂವನ್ನು ತಿರುಗಿಸಿದರಾಯಿತು. ಕ್ಯಾಮು ಬಟ್ಟಲನ್ನು ನೇರವಾಗಿ ಒತ್ತುವ ಎಂಜಿನ್ನುಗಳಲ್ಲಾದರೋ ಹಲವು ಸಲ ಶಾಫ್ಟನ್ನೇ ಎತ್ತಿ ಶಿಮ್ ಎಂಬ ತೆಳುಬಿಲ್ಲೆಯನ್ನೋ ಬಟ್ಟಲನ್ನೋ ಬದಲಿಸಬೇಕಾಗುತ್ತದೆ. ಟೈಮಿಂಗ್ ಬೆಲ್ಟು ಹರಿದರೆ ಒದಗುವ ಅನಾಹುತ ಮಾತ್ರ ಎರಡಕ್ಕೂ ಸಮಾನ: ಅನೇಕ ಎಂಜಿನ್ನುಗಳಲ್ಲಿ ತೆರೆದು ನಿಂತ ಕವಾಟಗಳನ್ನು ಪಿಸ್ಟನ್ ಗುದ್ದಿ ಬಗ್ಗಿಸುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಾರನ್ನು ನೋಡಲು ಹೋದಾಗ ಅದರಲ್ಲಿರುವುದು ಬೆಲ್ಟೋ ಚೈನೋ ಎಂದು ಕೇಳಿ. ಬೆಲ್ಟಾದರೆ ಎಷ್ಟು ಕಿಲೋಮೀಟರಿಗೆ ಬದಲಿಸಿದ್ದಾರೆಂಬುದರ ಬಿಲ್ಲನ್ನು ತೋರಿಸಲು ಹೇಳಿ. ಬಿಲ್ಲು ಇಲ್ಲದಿದ್ದರೆ ಹೊಸ ಬೆಲ್ಟು, ಟೆನ್ಷನರುಗಳ ಖರ್ಚನ್ನು ಕಳೆದೇ ಬೆಲೆಯ ಮಾತಿಗೆ ಕುಳಿತುಕೊಳ್ಳಿ.