ಕೂಸು ಯಾರಿಗೆ?

ಮನೆ ಒಡೆದರೆ ಹೊಲ ಹಂಚಬಹುದು, ಬಂಗಾರ ಹಂಚಬಹುದು, ಕೂಸನ್ನು ಹಂಚಲಾದೀತೆ? 'ಮಗು ನನಗೆ ಬೇಕು' ಎಂದು ತಂದೆತಾಯಿಗಳು ಕೋರ್ಟಿನ ಮೆಟ್ಟಿಲೇರುತ್ತಾರೆ. ಲಿಂಗಾಯತರಾದ ನಮಗೂ ಅನ್ವಯಿಸುವ 1956ರ ಪಾಲಕತ್ವ ಕಾಯಿದೆಯ 13ನೆಯ ಕಲಮಿನಂತೆ ಮಗುವಿನ ಹಿತವೇ ಎಲ್ಲಕ್ಕೂ ಮಿಗಿಲು. 5 ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ ಅದೇ ಕಾಯಿದೆ. ಆದರೂ ಹಿತವನ್ನು ಅಳೆಯುವಾಗ ನ್ಯಾಯಾಧೀಶರು ನಡತೆಯನ್ನು ನೋಡುತ್ತಾರೆ: ಕುಡಿದು ಬಡಿದವರಾರು, ಜ್ವರ ಬಂದಾಗ ಎದ್ದು ಕುಳಿತವರಾರು, ಮಗುವಿನ ಕಿವಿಯಲ್ಲಿ ವಿಷ ತುಂಬಿದವರಾರು? ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ಕೇಳುತ್ತಾರೆ. ಅಂದು ಅದರ ಬಾಯಲ್ಲಿ ಬರುವುದು ನೀವು ಮನೆಯಲ್ಲಿ ನಡೆದ ನಡೆಯೇ.

ಮಠಕ್ಕೆ ಬರುವ ಇಂಥ ದಂಪತಿಗಳಿಗೆ ನಾವು ಹೇಳುವುದಿಷ್ಟೆ: ಗಂಡಹೆಂಡಿರು ಅಗಲಬಹುದು, ತಂದೆತಾಯ್ತನಕ್ಕೆ ವಿಚ್ಛೇದನವಿಲ್ಲ. ಮಗುವಿನ ಮುಂದೆ ಒಬ್ಬರನ್ನೊಬ್ಬರು ಹಳಿಯಬೇಡಿ.