ಪಾಠಶಾಲೆಯಲ್ಲಿ ಗುರುಗಳ ಕ್ಷೇಮ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ಮಾತು ಕೇಳಿಬರುವುದು ವಾಡಿಕೆ. ಇಂದು ನಾವು ಆ ವಾಡಿಕೆಯಿಂದ ಸ್ವಲ್ಪ ಸರಿದು, ನಮ್ಮ ಮಕ್ಕಳಿಗೆ ಪಾಠ ಹೇಳತಕ್ಕವರ ವಿಷಯವಾಗಿ ನಾಲ್ಕು ಮಾತು ಆಡಬಯಸುತ್ತೇವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಚೆನ್ನೈ ನಗರಕ್ಕೆ ಬಂದ ನಮಗೆ ಮಕ್ಕಳ ವಿದ್ಯೆಯೇ ಆಸ್ತಿ. ಆ ಆಸ್ತಿಯನ್ನು ಯಾರ ಕೈಗೆ ಒಪ್ಪಿಸಿದ್ದೇವೆಯೋ ಅವರು ಕ್ಷೇಮವಾಗಿದ್ದಾರೆಯೇ ಎಂದು ವಿಚಾರಿಸುವುದು ನಮ್ಮ ಕರ್ತವ್ಯವಲ್ಲವೇ?

2012ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಇದೇ ನಗರದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಉಪಾಧ್ಯಾಯಿನಿಯನ್ನು ತರಗತಿಯೊಳಗೇ ಇರಿದು ಕೊಂದನು. ಅವನ ಓದು ಸಾಲದೆಂದು ಆಕೆ ಮನೆಗೆ ಬರೆದು ಕಳುಹಿಸಿದ್ದೇ ಅವನ ಸಿಟ್ಟಿಗೆ ಕಾರಣವೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಕೇಳಿದವರ ಎದೆ ನಡುಗಿತು. ಇಂಥ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಬರುತ್ತದೆ. ಬಾಗಿಲಲ್ಲಿ ಕಾವಲಿಟ್ಟು ಮಕ್ಕಳ ಚೀಲ ಶೋಧಿಸಬೇಕೆಂದು ಕೆಲವರು ಹೇಳುತ್ತಾರೆ. ಬೆತ್ತ ಹೋಯಿತು, ಅದರೊಂದಿಗೆ ಭಯವೂ ಹೋಯಿತು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದನ್ನೂ ನಿಷೇಧಿಸಿದೆ. ಅದು ಯೋಗ್ಯವೇ ಆಯಿತು. ಆದರೆ ಬೆತ್ತ ಕೆಳಗಿಟ್ಟ ಉಪಾಧ್ಯಾಯರ ಕೈಯಲ್ಲಿ ಉಳಿದುದೇನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ನಿಂತಿದೆ. ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದವರು ಅಮೆರಿಕ ದೇಶದಲ್ಲಿದ್ದಾರೆ. ಅವರು ಕಂಡುಕೊಂಡುದನ್ನು ನಿಮ್ಮ ಮುಂದಿಡುವುದೇ ಇಂದಿನ ನಮ್ಮ ಉದ್ದೇಶ.

ಅಲ್ಲಿಯ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಎಂಬ ಮನಶ್ಶಾಸ್ತ್ರಜ್ಞರ ಸಂಸ್ಥೆಯು ತರಗತಿಯಲ್ಲಿ ಉಪಾಧ್ಯಾಯರ ಮೇಲೆ ನಡೆಯುವ ಹಿಂಸೆಯನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ನ್ಯೂಜೆರ್ಸಿ ಪ್ರಾಂತದ ರಟ್‌ಗರ್ಸ್ ವಿಶ್ವವಿದ್ಯಾನಿಲಯದ ಶಾಲಾ ಮನಶ್ಶಾಸ್ತ್ರಜ್ಞೆ ಲಿಂಡಾ ರೆಡ್ಡಿ ಅದರ ಸದಸ್ಯರಲ್ಲಿ ಒಬ್ಬರು. ಈ ಸಮಿತಿಯವರು 48 ಪ್ರಾಂತಗಳ 2,998 ಉಪಾಧ್ಯಾಯರನ್ನು ವಿಚಾರಿಸಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಆ ವರ್ಷ ಇಲ್ಲವೇ ಹಿಂದಿನ ವರ್ಷದಲ್ಲಿ ಒಮ್ಮೆಯಾದರೂ ಇಂಥ ಉಪದ್ರವಕ್ಕೆ ಈಡಾದೆವೆಂದು ಹೇಳಿದವರು ನೂರಕ್ಕೆ 80 ಮಂದಿ. ಬೈಗುಳ, ಬೆದರಿಕೆ, ಅವಹೇಳನ ಮುಂತಾದವುಗಳನ್ನು ಅನುಭವಿಸಿದವರು ಮುಕ್ಕಾಲು ಪಾಲಿಗೆ ಸಮೀಪ. ಮೈಮೇಲೆ ಕೈಮಾಡಿಸಿಕೊಂಡವರು, ಅಥವಾ ಅಂಥ ಯತ್ನಕ್ಕೆ ಸಿಕ್ಕವರು ನೂರಕ್ಕೆ 44. ತಾವಾಗಿ ಮುಂದೆ ಬಂದು ಉತ್ತರ ಕೊಟ್ಟವರ ಲೆಕ್ಕವಿದು. ಆದುದರಿಂದ ಆ ದೇಶದ ಉಪಾಧ್ಯಾಯರೆಲ್ಲರಿಗೂ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಇದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ಸಂಖ್ಯೆಗಿಂತ ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ಈಡಾದವರಲ್ಲಿ ನೂರಕ್ಕೆ 20 ಮಂದಿ ಆಡಳಿತದವರಿಗೆ ವಿಷಯ ತಿಳಿಸಲೇ ಇಲ್ಲ. 14 ಮಂದಿ ಸಹೋದ್ಯೋಗಿಗಳೊಡನೆ ಬಾಯಿಬಿಡಲಿಲ್ಲ. 24 ಮಂದಿ ಸ್ವಂತ ಮನೆಯವರಿಗೂ ಹೇಳಲಿಲ್ಲ. ಇದು 2018ರಲ್ಲಿ ಪ್ರಕಟವಾದ ಲೆಕ್ಕ. ಹುಡುಗರನ್ನು ಹತೋಟಿಯಲ್ಲಿಡಲಾರದವರು ಎಂಬ ಹೆಸರು ಯಾರಿಗೆ ಬೇಕು? ಮರ್ಯಾದೆಗೆ ಅಂಜಿ ನುಂಗಿಕೊಳ್ಳುವುದು ನಮ್ಮ ಕಡೆಯ ಮೇಷ್ಟರುಗಳಿಗೂ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ತಾಯಂದಿರು, ಸೊಸೆಯರು ಇದೇ ಉದ್ಯೋಗದಲ್ಲಿದ್ದಾರೆ. ಸಂಜೆ ಅವರು ತಲೆನೋವೆಂದು ಸುಮ್ಮನೆ ಕುಳಿತರೆ, ಏನಾಯಿತೆಂದು ಕೇಳುವ ಸೌಜನ್ಯವಾದರೂ ನಮಗಿರಬೇಕು.

ಇನ್ನು ಪರಿಹಾರದ ಮಾತು. ಈ ಸಮಿತಿಗಿಂತ ಬಹಳ ಮೊದಲೇ, ಡೆಟ್ರಾಯ್ಟ್ ನಗರದಲ್ಲಿ ಜೇಕಬ್ ಕೌನಿನ್ ಎಂಬ ಪ್ರಾಧ್ಯಾಪಕರಿದ್ದರು. ಒಂದು ದಿನ ಅವರು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿ ಪತ್ರಿಕೆಯನ್ನು ಮುಖಕ್ಕೆ ಅಡ್ಡಹಿಡಿದು ಓದುತ್ತಿದ್ದನು. ಪ್ರಾಧ್ಯಾಪಕರು ಗದರಿಸಿದರು. ತಪ್ಪು ಮಾಡಿದವನು ಒಬ್ಬನೇ ಆದರೂ ಇಡೀ ತರಗತಿಯೇ ಮುದುಡಿ ಕುಳಿತಿತು. ಒಬ್ಬನಿಗೆ ಆಡಿದ ಮಾತು ಉಳಿದವರನ್ನು ಹೇಗೆ ತಟ್ಟುತ್ತದೆಂಬ ಕುತೂಹಲ ಅವರಿಗೆ ಅಲ್ಲಿಂದ ಹುಟ್ಟಿತು. ಮುಂದೆ ಅವರು ಅನೇಕ ತರಗತಿಗಳನ್ನು ಚಿತ್ರೀಕರಿಸಿ ಪರಿಶೀಲಿಸಿ 1970ರಲ್ಲಿ ಒಂದು ಗ್ರಂಥ ಬರೆದರು. ಸಮರ್ಥ ಉಪಾಧ್ಯಾಯರಿಗೂ ಉಳಿದವರಿಗೂ ಇರುವ ವ್ಯತ್ಯಾಸ ತಪ್ಪು ನಡೆದ ಮೇಲೆ ಗದರಿಸುವ ಬಗೆಯಲ್ಲಿಲ್ಲ, ತಪ್ಪಿಗೆ ಆಸ್ಪದವಾಗದಂತೆ ಮೊದಲೇ ತರಗತಿಯನ್ನು ನಡೆಸಿಕೊಂಡು ಹೋಗುವ ಬಗೆಯಲ್ಲಿದೆ ಎಂಬುದು ಅವರು ಕಂಡ ಸತ್ಯ. ತರಗತಿಯ ಮೂಲೆಮೂಲೆಯಲ್ಲಿ ಏನಾಗುತ್ತಿದೆಯೆಂಬ ಎಚ್ಚರ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುವ ಜಾಣ್ಮೆ, ಇವೇ ಆ ಗುಣಗಳು.

ಲಿಂಡಾ ರೆಡ್ಡಿ ಮತ್ತು ಅವರ ಸಂಗಡಿಗರು ಇಂಥ ಗುಣಗಳನ್ನು ಎಣಿಸಿ ಅಳೆಯುವ ಒಂದು ಕ್ರಮವನ್ನೇ ರಚಿಸಿದ್ದಾರೆ. ತರಬೇತಿ ಪಡೆದ ಒಬ್ಬರು ಅರ್ಧ ಗಂಟೆ ತರಗತಿಯ ಹಿಂದೆ ಕುಳಿತು, ಉಪಾಧ್ಯಾಯರ ಮಾತುಗಳನ್ನು ಗೆರೆ ಎಳೆದು ಲೆಕ್ಕ ಹಾಕುತ್ತಾರೆ. ಪಾಠದ ಸಾರವನ್ನು ಎಷ್ಟು ಸಲ ಹೇಳಿದರು? ಮಕ್ಕಳಿಗೆ ಉತ್ತರ ಹೇಳುವ ಅವಕಾಶ ಎಷ್ಟು ಸಲ ಕೊಟ್ಟರು? ಓದನ್ನು ಎಷ್ಟು ಸಲ ಮೆಚ್ಚಿದರು, ನಡತೆಯನ್ನು ಎಷ್ಟು ಸಲ ಮೆಚ್ಚಿದರು? ತಪ್ಪನ್ನು ಎಷ್ಟು ಸಲ ತಿದ್ದಿದರು? ಸ್ಪಷ್ಟವಾದ ಅಪ್ಪಣೆ ಎಷ್ಟು, ಅಸ್ಪಷ್ಟವಾದುದು ಎಷ್ಟು? “ಸರಿಯಾಗಿ ಇರು” ಎಂದರೆ ಮಗುವಿಗೆ ಏನೂ ತಿಳಿಯದು. “ಪುಸ್ತಕ ತೆಗೆದು ಹನ್ನೆರಡನೆಯ ಪುಟ ನೋಡು” ಎಂದರೆ ತಿಳಿಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಎಂದು ಮೂರು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಸ್ಪಷ್ಟತೆ ಇನ್ನೂ ಅಗತ್ಯವೆಂದು ನಮಗೆ ತೋರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿಯೊಂದು ಕ್ರಮವನ್ನೂ ಉಪಾಧ್ಯಾಯರು ಎಷ್ಟು ಬಳಸಿದರು, ಆ ತರಗತಿಗೆ ಎಷ್ಟು ಬಳಸಬೇಕಾಗಿತ್ತು ಎಂಬ ಎರಡು ಅಂಕಗಳನ್ನು ಪರೀಕ್ಷಕರು ಪಕ್ಕಪಕ್ಕದಲ್ಲಿ ಬರೆಯುತ್ತಾರೆ. ಅವೆರಡರ ಅಂತರವೇ ಮುಂದಿನ ಪಾಠ. ಬಳಿಕ ಅನುಭವಿಯೊಬ್ಬರು ಉಪಾಧ್ಯಾಯರೊಡನೆ ಕುಳಿತು, ಆ ಅಂಕಗಳನ್ನು ತೋರಿಸಿ, ಯಾವುದನ್ನು ಮೊದಲು ತಿದ್ದಿಕೊಳ್ಳಬೇಕೆಂದು ಇಬ್ಬರೂ ಸೇರಿ ನಿಶ್ಚಯಿಸುತ್ತಾರೆ. ಹೀಗೆ ಮಾಡಿದಲ್ಲಿ ಆ ಅಂತರ ಕಡಿಮೆಯಾದುದು ಅವರ ಅಧ್ಯಯನಗಳಲ್ಲಿ ಕಂಡುಬಂದಿದೆ. ಇಲ್ಲಿ ನಾವು ಗಮನಿಸಬೇಕಾದುದು, ಈ ಪರೀಕ್ಷೆ ನೆರವಾಗುವುದಕ್ಕೆ ಮಾಡುವಂಥದು ಎಂಬುದು. ನಮ್ಮ ಕಡೆ ಇನ್‌ಸ್ಪೆಕ್ಟರು ಶಾಲೆಗೆ ಬಂದರೆಂದರೆ ಮೇಷ್ಟರ ಮೈ ಬೆವರುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಭೇದ ಒಡನೆಯೇ ಹೊಳೆದೀತು.

ಒಂದು ಮೆಚ್ಚುಗೆಯ ಮಾತಿನಿಂದ ಚಾಕುವನ್ನು ತಡೆಯಬಹುದೆಂದು ನಾವು ಹೇಳುತ್ತಿಲ್ಲ. ಉಪಾಧ್ಯಾಯರ ಮೇಲೆ ಹಲ್ಲೆಯಾದರೆ ಅದು ಅವರ ಪಾಠದ ದೋಷವೆಂದು ಹೇಳುವುದಂತೂ ಮಹಾ ಅನ್ಯಾಯ. ಆಡಳಿತದವರ ಬೆಂಬಲ, ಕಷ್ಟದಲ್ಲಿರುವ ಮಗುವಿಗೆ ಸಕಾಲದ ಸಲಹೆ, ಎಲ್ಲವೂ ಬೇಕು. ಆದರೆ ದಿನದಿನದ ಸಣ್ಣ ಕಸಿವಿಸಿಗಳು ಬೆಳೆದು ದ್ವೇಷವಾಗದಂತೆ ನೋಡಿಕೊಳ್ಳುವ ಸಾಧನ ಬೆತ್ತಕ್ಕಿಂತ ಈ ಮಾತುಗಳಲ್ಲಿ ಹೆಚ್ಚಾಗಿದೆ. ಮಗುವಿನ ಮಾನ ಉಳಿಸುವ ತರಗತಿಯಲ್ಲಿ ಗುರುವಿನ ಕ್ಷೇಮಕ್ಕೂ ಬಲ ಬರುತ್ತದೆ.

ಕೊನೆಯದಾಗಿ, ನಮಗೇ ನಾಟಬೇಕಾದ ಒಂದು ಮಾತು. ಅದೇ ಸಂಸ್ಥೆಯ ಇನ್ನೊಂದು ಸಮಿತಿ 2020ರ ಜುಲೈ ತಿಂಗಳಿನಿಂದ 2021ರ ಜೂನ್ ತಿಂಗಳವರೆಗೆ ಸುಮಾರು 15,000 ಮಂದಿ ಶಾಲಾ ನೌಕರರನ್ನು ವಿಚಾರಿಸಿತು. ಇದರಲ್ಲಿಯೂ ರೆಡ್ಡಿಯವರು ಸದಸ್ಯರು. ಕೋವಿಡ್ ಪಿಡುಗಿನಿಂದ ಅನೇಕ ಶಾಲೆಗಳು ಬಾಗಿಲು ಹಾಕಿ ಮನೆಯಿಂದಲೇ ಪಾಠ ನಡೆದ ಕಾಲವದು. ಆಗಲೂ ಉಪಾಧ್ಯಾಯರಲ್ಲಿ ನೂರಕ್ಕೆ 33 ಮಂದಿ ವಿದ್ಯಾರ್ಥಿಗಳಿಂದ ಬೈಗುಳ ಬೆದರಿಕೆಗಳನ್ನು ಕೇಳಿದ್ದರು. ನೂರಕ್ಕೆ 29 ಮಂದಿ ಕೇಳಿದ್ದು ತಂದೆತಾಯಿಗಳಿಂದ! ಕೆಲಸ ಬಿಡುವ ಅಥವಾ ವರ್ಗ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದವರು ಸುಮಾರು ಅರ್ಧದಷ್ಟು ಉಪಾಧ್ಯಾಯರು. ಆ ತಂದೆತಾಯಿಗಳು ಅಮೆರಿಕದವರು, ನಾವು ಅಂಥವರಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆವೇ? ಅಂಕ ಕಡಿಮೆ ಬಂದಿತೆಂದು ಶಾಲೆಗೆ ಹೋಗಿ ದನಿಯೇರಿಸಿದವರು, ಮಗುವಿನ ಎದುರಿಗೇ “ನಿಮ್ಮ ಮಿಸ್‌ಗೆ ಏನು ಗೊತ್ತು” ಎಂದವರು ನಮ್ಮಲ್ಲಿಯೂ ಉಂಟು.

ಶಾಲೆಯ ಡೈರಿಯಲ್ಲಿ ದೂರು ಬಂದ ದಿನ ಆ ಪುಟ್ಟ ಪುಸ್ತಕ ಮನೆಯಲ್ಲಿ ಯಾವ ಬಗೆಯಿಂದ ತೆರೆಯಲ್ಪಡುತ್ತದೆ ಎಂಬುದರ ಮೇಲೆ ಬಹಳವಿದೆ. ಮಗುವನ್ನು ಹೊಡೆದರೆ ಅದರ ಸಿಟ್ಟು ಮರುದಿನ ಗುರುವಿನ ಕಡೆಗೆ ತಿರುಗೀತು. ಗುರುವನ್ನು ಹಳಿದರೆ ಗೌರವ ಅಂದೇ ಕರಗೀತು. ಮಗುವನ್ನು ಹತ್ತಿರ ಕೂರಿಸಿಕೊಂಡು “ಏನು ನಡೆಯಿತು, ಹೇಳಪ್ಪ” ಎಂದು ಕೇಳಿ, ಬಳಿಕ ಉಪಾಧ್ಯಾಯರನ್ನು ಕಂಡು “ನಾವೇನು ಮಾಡಬೇಕು, ಹೇಳಿ” ಎಂದು ವಿಚಾರಿಸುವುದು ಮೂರನೆಯ ದಾರಿ. ಈ ರಾಜ್ಯೋತ್ಸವದ ದಿನ ಮನೆಗೆ ಮರಳುವಾಗ ನಾವು ಈ ಮೂರನೆಯ ದಾರಿಯನ್ನು ಹಿಡಿಯುವ ಸಂಕಲ್ಪ ಮಾಡೋಣ.